ಸೇರದ ಜೋಡಿ

ನ್ಯಾಮತಿಯ ನಮ್ಮ ಕೇರಿಯ ಗರಡಿಯಲ್ಲಿ ಸಾಯಂಕಾಲದ ಸಾಮು ಮುಗಿದು, ಹುಡುಗರ ಮೈಯ ಕೆಮ್ಮಣ್ಣು ಒಣಗಿ ಉದುರುವ ಹೊತ್ತಿಗೆ, ಜಗುಲಿಯ ಮೇಲೆ ಇನ್ನೊಂದು ಬಗೆಯ ಕುಸ್ತಿ ಆರಂಭವಾಗುತ್ತಿದ್ದಿತು. ಅದಕ್ಕೆ ಲಂಗೋಟಿ ಬೇಕಿರಲಿಲ್ಲ, ನಾಲಗೆಯೊಂದಿದ್ದರೆ ಸಾಕಾಗಿದ್ದಿತು. ಒಂದೇ ಕಾಲದಲ್ಲಿ ಹುಟ್ಟದ, ಇಲ್ಲವೆ ಹುಟ್ಟಿಯೂ ಒಂದೇ ಕಣಕ್ಕೆ ಇಳಿಯದ ಪೈಲವಾನರನ್ನು ತಂದು ಎದುರೆದುರಾಗಿ ನಿಲ್ಲಿಸಿ, ಇಬ್ಬರೂ ತಮ್ಮ ತಮ್ಮ ಏರುಜವ್ವನದಲ್ಲಿ ಹಿಡಿದಿದ್ದರೆ ಯಾರ ಬೆನ್ನು ಮಣ್ಣು ಕಾಣುತ್ತಿದ್ದಿತೆಂದು ತೀರ್ಮಾನಿಸುವುದೇ ಆ ಕುಸ್ತಿ. ಜಾತ್ರೆಯಲ್ಲಿ ಹಿರಿಯರು ಎತ್ತರ ತೂಕಗಳನ್ನು ನೋಡಿ ಜೋಡಿ ಕಟ್ಟುವಂತೆ ಇಲ್ಲಿಯೂ ಕಟ್ಟುತ್ತಿದ್ದರು. ಭೇದವಿಷ್ಟೆ: ಇಲ್ಲಿ ದೂರವಾಗಲಿ ಮುಪ್ಪಾಗಲಿ ಮರಣವಾಗಲಿ ಯಾರನ್ನೂ ತಡೆಯುತ್ತಿರಲಿಲ್ಲ.

ಗಾಮಾನಿಲ್ಲದೆ ಈ ಚರ್ಚೆ ಏಳುತ್ತಲೇ ಇರಲಿಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೊ ಎರಡೂವರೆ ಗಂಟೆ ನೆಲವನ್ನು ಕಚ್ಚಿ ಮಲಗಿ ತಪ್ಪಿಸಿಕೊಂಡುದು, 17ರಂದು ಮತ್ತೆ ಹಿಡಿಯಬೇಕಾಗಿದ್ದವನು ಮುಖವನ್ನೇ ತೋರಿಸದೆ ಹೋದುದು, 1928ರಲ್ಲಿ ಪಟಿಯಾಲದಲ್ಲಿ ಅದೇ ಮನುಷ್ಯನನ್ನು ಗಾಮಾ ಒಂದು ನಿಮಿಷ ತುಂಬುವುದರೊಳಗೆ ಚಿತ್ ಮಾಡಿದುದು, ಇವೆಲ್ಲ ಅಲ್ಲಿಯ ಹುಡುಗರಿಗೆ ಮಗ್ಗಿಯಂತೆ ಬಾಯಿಪಾಠ. ಆದರೆ ಎರಡನೆಯ ಸಲ ಇಬ್ಬರಿಗೂ ವಯಸ್ಸು ಐವತ್ತರ ಸಮೀಪ. ಅಂದಮೇಲೆ ಲೆಕ್ಕಕ್ಕೆ ಹಿಡಿಯತಕ್ಕದ್ದು ಯಾವುದನ್ನು? ಅಮೆರಿಕದ ಫ್ರಾಂಕ್ ಗಾಚ್ ಗಾಮಾನ ಸವಾಲಿಗೆ ಇಳಿಯಲೇ ಇಲ್ಲ, ಇಳಿದಿದ್ದರೆ? ಆ ಪಟಿಯಾಲದ ವರ್ಷದಲ್ಲಿಯೇ ಹುಟ್ಟಿದ ದಾರಾಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಲೂ ಥೆಸ್‌ನನ್ನು ಗೆದ್ದನಲ್ಲ, ಆ ದಾರಾಸಿಂಗನ ಮುಂದೆ ಲಂಡನ್ನಿನ ಗಾಮಾನನ್ನು ನಿಲ್ಲಿಸಿದರೆ? ರಾತ್ರಿಯೂಟಕ್ಕೆ ಮನೆಯಿಂದ ಕರೆ ಬರುವವರೆಗೂ ಇದು ನಡೆಯುತ್ತಿದ್ದಿತು.

ಇದು ಇತ್ತೀಚಿನ ಹುಚ್ಚೆಂದು ವಾಚಕರು ತಿಳಿಯಬಾರದು. ಭೀಮ, ದುರ್ಯೋಧನ, ಜರಾಸಂಧ, ಕೀಚಕ, ಬಕ ಈ ಐವರೂ ಸಮಬಲರೆಂದೂ, ಇವರೊಳಗೆ ಮೊದಲು ಒಬ್ಬನನ್ನು ಕೊಂದವನ ಕೈಯಲ್ಲಿಯೇ ಉಳಿದವರ ಮರಣವೆಂದೂ ನಮ್ಮ ಕಡೆ ಹೇಳುವ ಕಥೆಯುಂಟಷ್ಟೆ. ಭಾರತ ಕೇಳಲು ಕುಳಿತವರಲ್ಲಿ ಒಬ್ಬನಾದರೂ ‘ಕೀಚಕನಿಗೂ ಜರಾಸಂಧನಿಗೂ ಬಿದ್ದಿದ್ದರೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಕೀಚಕ ಒಂದು ರಾತ್ರಿಗೆ ಮುಗಿದ, ಜರಾಸಂಧ ದಿನಗಟ್ಟಲೆ ಸೆಣಸಿದ, ಆದುದರಿಂದ ಜರಾಸಂಧನೇ ಮೇಲು ಎಂದು ಒಬ್ಬ. ದ್ರೌಪದಿಯ ಕಣ್ಣೀರು ಕಂಡು ಹೊರಟ ಭೀಮನೂ ಕೃಷ್ಣನ ಸನ್ನೆಗೆ ಕಾದು ನಿಂತ ಭೀಮನೂ ಒಬ್ಬನೇ ಅಲ್ಲ ಎಂದು ಇನ್ನೊಬ್ಬ. ಎರಡನೆಯವನ ಮಾತಿನಲ್ಲಿ ಹುರುಳಿದೆಯೆಂದು ನನಗೆ ಈಗಲೂ ತೋರುತ್ತದೆ.

ಇವೆಲ್ಲವೂ ಪೀಠಿಕೆ ಮಾತ್ರ. ನಮ್ಮ ಗರಡಿಯ ಮುಖ್ಯ ಜೋಡಿ ಬೇರೆಯಿದ್ದಿತು: ನನ್ನ ಅಜ್ಜ, ಮತ್ತು ಜಗಳೂರಿನ ಒಬ್ಬ ಪೈಲವಾನ. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಊರು, ಶಿವಮೊಗ್ಗೆ ಜಿಲ್ಲೆ. ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಮೇಲೆ ಎರಡೂ ಒಂದೇ ಮನೆಯವಾದುವೆನ್ನಿ. ಆಗ ಹಾಗಿರಲಿಲ್ಲವಾದುದರಿಂದ ಪಂಥಕ್ಕೆ ಜಿಲ್ಲೆಗಳ ಮಾನವೂ ಸೇರಿಕೊಂಡಿದ್ದಿತು. ಇತ್ತ ತುಂಗಭದ್ರೆಯ ಬಯಲಿನ ಹಾಲು ಬೆಣ್ಣೆ. ಅತ್ತ ಮುಗಿಲು ನೋಡಿ ನೋಡಿ ದಣಿದ ನೆಲದ ಜೋಳದ ರೊಟ್ಟಿ, ಹಿಡಿ ಸೇಂಗಾ. ಹಾಲು ಮೈ ಬೆಳೆಸುತ್ತದೆ, ಜೋಳ ಉಸಿರು ಬೆಳೆಸುತ್ತದೆ ಎನ್ನುವನು ಒಬ್ಬ. ಅಜ್ಜನ ದೋಬಿ ಪಟ್ಟಿಗೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಯಾರು ನಿಂತಾರು ಎನ್ನುವನು ಮತ್ತೊಬ್ಬ.

ನಾನು ಹುಟ್ಟುವುದಕ್ಕೆ ಬಹು ಹಿಂದೆ, ಚನ್ನಗಿರಿಯ ಕಡೆಯ ಒಂದು ಜಾತ್ರೆಯಲ್ಲಿ ಇವರಿಬ್ಬರಿಗೂ ನಿಜವಾಗಿಯೇ ಜೋಡಿ ಕಟ್ಟಿದ್ದಿತು. ಬೆಳ್ಳಿಯ ಕಡಗ ಪಣ. ಅಶ್ವಿನಿ ಮಳೆಗೂ ಇನ್ನೂ ಕಾಲವಿರಲಿಲ್ಲ. ಆದಾಗ್ಯೂ ಅಂದು ಮಧ್ಯಾಹ್ನ ಎಲ್ಲಿಂದಲೋ ಮೋಡ ಕವಿದು ಮಳೆ ಸುರಿದು ಕಣವೆಲ್ಲ ಗದ್ದೆಯಾಯಿತು. ಹಿರಿಯರು ಕುಸ್ತಿಯನ್ನು ನಿಲ್ಲಿಸಿಬಿಟ್ಟರು. ಮಾರನೆಯ ವರ್ಷ ಜಗಳೂರಿನ ಕಡೆ ಬರ. ಆ ಪೈಲವಾನ ಕೂಲಿ ಹುಡುಕಿ ಊರು ಬಿಟ್ಟಿದ್ದ. ಇಬ್ಬರೂ ಮತ್ತೆ ಎದುರಾಗಲಿಲ್ಲ. ವಾದ ಮಾತ್ರ ನಲವತ್ತು ವರ್ಷ ನಡೆಯಿತು. ಅಜ್ಜ ಜಗುಲಿಯ ಮೂಲೆಯಲ್ಲಿ ಕಂಬಕ್ಕೆ ಒರಗಿ ಕುಳಿತು ಎಲ್ಲವನ್ನೂ ಕೇಳುವರು, ಒಂದು ಮಾತೂ ಆಡರು. ಅದನ್ನು ನಾವು ದೊಡ್ಡಸ್ತಿಕೆಯೆಂದು ತಿಳಿದಿದ್ದೆವು.

1970ರಲ್ಲಿ ನಾನು ಪ್ರೌಢಶಾಲೆಯಲ್ಲಿದ್ದೆ. ಮುಷ್ಟಿಯುದ್ಧವೆಂದರೆ ಮೈಸೂರು ದಸರೆಯಲ್ಲಿ ಜಟ್ಟಿಗಳಾಡುವ, ಮೊದಲ ಹನಿ ರಕ್ತಕ್ಕೆ ನಿಲ್ಲುವ ವಜ್ರಮುಷ್ಟಿ ಎಂದಷ್ಟೇ ತಿಳಿದಿದ್ದ ನಮಗೆ ಒಬ್ಬ ಮೇಷ್ಟ್ರು ಅಮೆರಿಕದ ಸುದ್ದಿಯೊಂದನ್ನು ಹೇಳಿದರು. 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾದ ರಾಕಿ ಮಾರ್ಸಿಯಾನೊ, ಪಟ್ಟವನ್ನು ಕಸಿದುಕೊಂಡದ್ದರಿಂದ ಸುಮ್ಮನೆ ಕುಳಿತಿದ್ದ ಮಹಮ್ಮದ್ ಅಲಿ, ಇವರಿಬ್ಬರ ಗುಣದೋಷಗಳನ್ನೆಲ್ಲ ಅಂಕಿಗಳಾಗಿಸಿ ಗಣಕಯಂತ್ರಕ್ಕೆ ಉಣಿಸಿ, ಅದು ಹೇಳಿದಂತೆ ಇಬ್ಬರನ್ನೂ ಆಡಿಸಿ ಚಲನಚಿತ್ರ ತೆಗೆದಿದ್ದರಂತೆ. ಮಾರ್ಸಿಯಾನೊ ಇದಕ್ಕಾಗಿ ಮೈ ಇಳಿಸಿ, ತಲೆಗೆ ಕೃತಕ ಕೂದಲಿಟ್ಟು, ಹದಿಮೂರನೆಯ ಸುತ್ತಿನಲ್ಲಿ ಗೆದ್ದಿದ್ದ. ತೆರೆಯ ಮೇಲೆ ಅವನು ಗೆಲ್ಲುವ ಹೊತ್ತಿಗೆ ವಿಮಾನಾಪಘಾತದಲ್ಲಿ ತೀರಿಕೊಂಡು ತಿಂಗಳುಗಳೇ ಆಗಿದ್ದುವು. ಯೂರೋಪಿಗೆ ಕಳುಹಿಸಿದ ಪ್ರತಿಯಲ್ಲಿ ಅಲಿಯೇ ಗೆದ್ದಿದ್ದನೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಂದು ಮಾತ್ರ ನನಗೆ ಯಂತ್ರದ ನಿಷ್ಪಕ್ಷಪಾತ ಬುದ್ಧಿ ತಲೆಗೇರಿತು. ಲೆಕ್ಕದ ಪುಸ್ತಕದಲ್ಲಿ ಮನೆಗಳನ್ನು ಗೀಚಿ ಎತ್ತರ, ತೂಕ, ಪಟ್ಟು, ಉಸಿರು, ಧೈರ್ಯ ಎಂದು ಬರೆದು, ಮುದುಕರನ್ನು ಕೇಳಿ ಕೇಳಿ ಅಂಕ ತುಂಬಿದೆ. ಜಗಳೂರಿನವನು ಮೂರು ಅಂಕಗಳಿಂದ ಗೆದ್ದ. ಅದನ್ನು ಜಗುಲಿಯ ಮೇಲೆ, ಅಜ್ಜನ ಎದುರಿಗೇ, ಗಟ್ಟಿಯಾಗಿ ಓದಿದೆ! ಯಾರೂ ಮಾತನಾಡಲಿಲ್ಲ. ಯಾರೋ ಒಬ್ಬರು ಗರಡಿಯ ದೀಪದ ಬತ್ತಿಯನ್ನು ತೀಡಲು ಎದ್ದು ಹೋದರು.

ಮನೆಗೆ ಬಂದು ಕಾಲು ತೊಳೆಯುವಾಗ ಅಜ್ಜ ಕೇಳಿದರು:

“ಧೈರ್ಯಕ್ಕೆ ನನಗೆ ಎಷ್ಟು ಕೊಟ್ಟಿದ್ದೀ?”

“ಹತ್ತಕ್ಕೆ ಹತ್ತು.”

ಅವರು ಸ್ವಲ್ಪ ಹೊತ್ತು ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಇದ್ದರು. “ಅವತ್ತು ನನ್ನ ಬಲಗಾಲಿನ ಮಂಡಿ ಊದಿತ್ತು. ಉಸ್ತಾದರಿಗೂ ಹೇಳಿರಲಿಲ್ಲ. ಮೋಡ ಕಟ್ಟಿದಾಗ, ಬರಲಪ್ಪಾ, ಬರಲಿ ಅಂತ ಆಂಜನೇಯನಿಗೆ ಕೈಮುಗಿದೆ.”

“ಮಂಡಿ ಸರಿಯಿದ್ದಿದ್ದರೆ ಮುಗಿಯುತ್ತಿರಲಿಲ್ಲವಲ್ಲ?” ಎಂದೆ.

“ಆಗಲೂ ಮುಗಿಯುತ್ತಿದ್ದೆನೋ ಏನೋ,” ಎಂದು ಚೊಂಬನ್ನು ಕೆಳಗಿಟ್ಟು ಒಳಗೆ ಹೋದರು.

ಮಾರನೆಯ ದಿನ ನಾನು ಆ ಹಾಳೆಯನ್ನು ಹರಿದೆ. ಅಂದಿನಿಂದ ಜಗುಲಿಯ ವಾದದಲ್ಲಿ ಅಜ್ಜನ ಪಕ್ಷಕ್ಕೆ ನನ್ನಷ್ಟು ಕೂಗಿದವರು ಯಾರೂ ಇರಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಈ ಸಂಗತಿಯನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರೆ ನೊಂದುಕೊಳ್ಳುವವರೂ ಆ ಜಗುಲಿಯ ಮೇಲೆ ಉಳಿದಿಲ್ಲ.

ಮುಂದೆ ನೌಕರಿಯ ಕೆಲಸದ ಮೇಲೆ ಒಮ್ಮೆ ಜಗಳೂರಿಗೆ ಹೋಗಿದ್ದೆ. ಬಸ್ಸಿಗೆ ಕಾಯುತ್ತ ಚಹದ ಅಂಗಡಿಯಲ್ಲಿ ಕುಳಿತು, ಅಲ್ಲಿದ್ದ ಮುದುಕರನ್ನು, ನಾನು ಯಾರೆಂದು ತಿಳಿಸದೆ, ಆ ಪೈಲವಾನನ ವಿಷಯ ವಿಚಾರಿಸಿದೆ. ಅವರ ಮುಖಗಳು ಅರಳಿದುವು. “ಚನ್ನಗಿರಿ ಕಡೆ ಜಾತ್ರೆಯಲ್ಲಿ ನ್ಯಾಮತಿಯವನನ್ನು ಚಿತ್ ಮಾಡಿ ಬಂದನಲ್ಲ, ಅವನೇ ತಾನೆ?” ಎಂದರೊಬ್ಬರು. ಮಳೆಯ ಮಾತು ನನ್ನ ನಾಲಗೆಯ ತುದಿಗೆ ಬಂದಿತು. ಅದನ್ನು ತೆಗೆದರೆ ಮಂಡಿಯ ಮಾತೂ ಹಿಂದೆಯೇ ಬಂದೀತೆಂದು ನುಂಗಿಕೊಂಡೆ. “ಎಷ್ಟು ಹೊತ್ತು ಹಿಡಿಯಿತು?” ಎಂದು ಮಾತ್ರ ಕೇಳಿದೆ. ಎರಡು ನಿಮಿಷವೆಂದರು ಅವರು. ಪಕ್ಕದವರು ಸಿಟ್ಟಾದರು: “ಎರಡು ನಿಮಿಷವೆ? ನ್ಯಾಮತಿಯವನೇನು ಬಡವನೆ? ಮುಕ್ಕಾಲು ಗಂಟೆ ನಿಂತಿದ್ದನಂತೆ. ನಮ್ಮಪ್ಪ ಕಣ್ಣಾರೆ ಕಂಡದ್ದು.” ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ದಾವಣಗೆರೆಯ ಬಸ್ಸು ಬಂದು ಹೋಯಿತು. ನಾನು ಇನ್ನೊಂದು ಚಹ ತರಿಸಿಕೊಂಡೆ.