27%ಕ್ಕ ನಿಂತ ಸಂಜೆ (ಸರಣಿ, ಭಾಗ 6)

ಫೋಟೊದಾಗ ಏನಿಲ್ಲ. ನೀಲಿ ಸ್ಕ್ರೀನ್, ತಿರುಗೋ ಚುಕ್ಕಿ, ಕೆಳಗ 27%. ‘ಕಂಪ್ಯೂಟರ್ ಆಫ್ ಮಾಡಬೇಡಿ.’ ಆದ್ರ ಈ ಫೋಟೊ ತೆಗೆಯುವಾಗ ನನ್ನ ಹಿಂದ ಒಬ್ಬ ತಾಯಿ, ಅವರ ಮಗಳು ನಿಂತಿದ್ರು.

ಕಾಲೇಜು ಮುಗಿಸಿ ಸಂಜೆ ನಾನು ಆಳಂದದಾಗ ಒಂದು ಆನ್‌ಲೈನ್ ಅಂಗಡಿಯಲ್ಲಿ ಕೂಡ್ತೀನಿ ಅಂತ ಹಳೇ ಫಾಲೋವರ್ಸ್‌ಗೆ ಗೊತ್ತು. ಅವತ್ತು ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ. ಅರ್ಜಿ ಅರ್ಧ ತುಂಬಿದ್ದೆ. ಸಿಸ್ಟಮ್ ತಾನೇ ರೀಸ್ಟಾರ್ಟ್ ಆಯ್ತು. 27%ಕ್ಕ ಬಂದಾಗ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಕರೆಂಟ್ ಬಂದ ಮ್ಯಾಲೆ ‘ಬದಲಾವಣೆ ವಾಪಸ್ ತೆಗೆಯಲಾಗುತ್ತಿದೆ’ ಅಂತ ಮತ್ತ ಮೊದಲಿಂದ ಶುರು.

“ತಮ್ಮಾ, ಕೊನೇ ಬಸ್ ಹೋಗ್ತದಪ್ಪ” ಅಂದ್ರು ಆ ತಾಯಿ. ನನ್ನ ಹತ್ರ ಉತ್ತರ ಇರಲಿಲ್ಲ. ಕಾಗದಗಳ ಫೋಟೊ ತೆಗೆದು ಅಫಜಲಪುರದ ಕ್ಲಾಸ್‌ಮೇಟ್‌ಗೆ ಕಳಿಸಿದೆ. ಒಟಿಪಿ ಫೋನ್‌ನಾಗ ಕೇಳಿ ಕೇಳಿ, ರಾತ್ರಿ 11:40ಕ್ಕ ಅವ ಅರ್ಜಿ ಹಾಕಿದ. ಬಸ್ ಅಂತೂ ತಪ್ಪಿತ್ತು.

ಆ ಸಿಟ್ಟಿನಾಗ ಮರುದಿನ ನಾನೇ ಕೂತು ಅಪ್‌ಡೇಟ್ ಪೂರ್ತಿ ಬಂದ್ ಮಾಡಿದೆ. ಏನೋ ಗೆದ್ದಂಗ ಅನಿಸಿತ್ತು.

ಸುಮಾರು ಒಂದು ವರ್ಷ ಆರಾಮ ಇತ್ತು. ಆಮೇಲೆ ಒಂದು ಮುಂಜಾನೆ ಯಾವ ಫೈಲೂ ತೆರೀಲಿಲ್ಲ. ಎಲ್ಲದರ ಹೆಸರಿನ ಹಿಂದ ಗೊತ್ತಿಲ್ಲದ ಅಕ್ಷರ, ಜೊತೆಗೆ ರೊಕ್ಕ ಕೇಳೋ ಚೀಟಿ. ಗಿರಾಕಿಗಳ ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಪಹಣಿ ಸ್ಕ್ಯಾನ್ ಎಲ್ಲಾ ಅದರೊಳಗ. ಜೇವರ್ಗಿಯ ದೋಸ್ತ ಕಂಪ್ಯೂಟರ್ ರಿಪೇರಿ ಮಾಡ್ತಾನ. ಬಂದು ನೋಡಿ ಒಂದೇ ಮಾತು ಹೇಳಿದ: “ಈ ತೂತಿಗಿ ಪ್ಯಾಚ್ ಬಂದು ನಾಲ್ಕು ತಿಂಗಳಾಗ್ಯಾದ. ನೀ ಎದಕ್ಕ ಹಾಕಿಲ್ಲ?”

ಎದಕ್ಕ ಅಂತ ನಿಮಗ ಈಗ ಗೊತ್ತು. ಆದ್ರ ನಮ್ಮನ್ನ ನಂಬಿ ಕಾಗದ ಕೊಟ್ಟವರಿಗೆ ಏನಂತ ಹೇಳಲಿ?

ಆವಾಗ ಓದಿದ್ದು ಇದು. 2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ಪ್ಯಾಚ್ ಬಿಟ್ಟಿತ್ತು. ಮೇ 12ಕ್ಕೆ ವಾನ್ನಾಕ್ರೈ ದಾಳಿ ಆಯ್ತು. ನಡುವೆ 59 ದಿನ. ಆ ದಿನಗಳಲ್ಲಿ ಪ್ಯಾಚ್ ಹಾಕದೆ ಇದ್ದ ಯಂತ್ರಗಳೇ ಸಿಕ್ಕಿಬಿದ್ದವು: ಸುಮಾರು 150 ದೇಶ, 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್, ಇಂಗ್ಲೆಂಡಿನ ಆಸ್ಪತ್ರೆಗಳು ಸೇರಿ. ಪ್ಯಾಚ್ ಹೊರಗ ಬಂದ ದಿನವೇ ತೂತು ಎಲ್ಲಿತ್ತು ಅಂತ ಕಳ್ಳರಿಗೂ ಗೊತ್ತಾಗ್ತದ. ಹಳೇ ಫೈಲ್, ಹೊಸ ಫೈಲ್ ಪಕ್ಕದಾಗ ಇಟ್ಟು ನೋಡಿದ್ರ ಸಾಕು. ಅಂದ್ರ ‘ಆಮೇಲೆ ನೆನಪಿಸು’ ಅಂತ ಒತ್ತೋದು ಒಡ್ಡು ಒಡೆದದ್ದು ಗೊತ್ತಿದ್ದೂ ಮಳೆಗಾಲ ಮುಗೀಲಿ ಅಂತ ಕೂತಂಗ.

ಹಂಗಂತ ನಮ್ಮ ಸಿಟ್ಟು ಸುಳ್ಳಲ್ಲ. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದೇ ತಪ್ಪು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಿಂದ ಬರೆದು ಕೊಟ್ಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗೀತು. ನಮ್ಮ ತಾಲ್ಲೂಕುಗಳ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಎಷ್ಟೋ ವಿಂಡೋಸ್ 11ಕ್ಕ ಏರೋದಿಲ್ಲ. ಅಪ್‌ಡೇಟ್ ಮಾಡೋರು ಇಪ್ಪತ್ನಾಲ್ಕು ತಾಸು ಕರೆಂಟ್, ಮುಗಿಯದ ಡೇಟಾ ಇರೋರ ಲೆಕ್ಕದಾಗ ಮಾಡ್ತಾರ. ನಮ್ಮ ಲೆಕ್ಕ ನಾವೇ ಮಾಡ್ಕೋಬೇಕು.

ನಾ ಈಗ ಮಾಡೋದು ಇಷ್ಟೇ 👇

▪️ ಮೈಕ್ರೋಸಾಫ್ಟ್ ಪ್ಯಾಚ್ ತಿಂಗಳ ಎರಡನೇ ಮಂಗಳವಾರ ಬರ್ತವ. ನಮಗ ಅದು ತಡರಾತ್ರಿ. ಅದಕ್ಕ ಮರುದಿನ ಅಂಗಡಿ ಮುಚ್ಚೋ ಹೊತ್ತಿಗೆ ನಾನೇ ಹಾಕ್ತೀನಿ.
▪️ ಸೆಟ್ಟಿಂಗ್ಸ್‌ನಾಗ ‘ಆಕ್ಟಿವ್ ಅವರ್ಸ್’ ಅಂತ ಅದ. ಅಂಗಡಿ ಹೊತ್ತು ಅಲ್ಲಿ ಹಾಕಿದ್ರ ಆ ಹೊತ್ತಿನಾಗ ತಾನೇ ರೀಸ್ಟಾರ್ಟ್ ಆಗೋದು ತಪ್ಪತದ.
▪️ ಕೊನೇ ದಿನ ಹತ್ರ ಇದ್ರ ಒಂದು ವಾರ ‘ಪಾಸ್’. ಪೂರ್ತಿ ಬಂದ್ ಮಾತ್ರ ಬ್ಯಾಡ.
▪️ ಯುಪಿಎಸ್‌ಗೆ ಹೊಸ ಬ್ಯಾಟರಿ.
▪️ ನಮ್ಮ ಫೈಲ್‌ಗಳ ಒಂದು ಪ್ರತಿ ವೈರ್ ಕಿತ್ತಿಟ್ಟ ಹಾರ್ಡ್ ಡಿಸ್ಕ್‌ನಾಗ. ಗಿರಾಕಿ ಕಾಗದ ಕೆಲಸ ಮುಗಿದ ಕೂಡಲೇ ಡಿಲೀಟ್.

ಹೋದ ತಿಂಗಳು ಅದೇ ಹುಡುಗಿ ರಿನ್ಯೂವಲ್‌ಗೆ ಬಂದಿದ್ಲು. ಮೊದಲು ಸ್ಕ್ರೀನ್ ನೋಡಿ ಕೇಳಿದ್ಲು: “ಅಣ್ಣಾ, ಇವತ್ತು ತಿರುಗಂಗಿಲ್ಲಲ್ಲ?”

“ಇಲ್ಲ ತಂಗಿ, ನಿನ್ನೆ ರಾತ್ರೀನೇ ತಿರುಗ್ಯಾದ” ಅಂದೆ.

ಖರೆ ಹೇಳ್ರಿ, ನೀವು ಎಷ್ಟು ದಿನದಿಂದ ‘ಆಮೇಲೆ’ ಒತ್ತಲಾಕತ್ತೀರಿ? ಕಮೆಂಟ್‌ನಾಗ ಬರೀರಿ.

#ಆಳಂದ #ಅಫಜಲಪುರ #ಜೇವರ್ಗಿ #ನಮ್ಮಕಲಬುರಗಿ