ಉಗ್ರಾಣದ ಬೀಗದ ಕೈ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಳೆಗೂಸನ್ನೆತ್ತಿಕೊಂಡು ಬಂದು, "ಅಮ್ಮನವರೇ, ಸೈತಾನನು ನನ್ನೊಳಗೆ ಹೊಕ್ಕಿದ್ದಾನೆ, ಮಗುವನ್ನು ನೋಡಲು ಭಯವಾಗುತ್ತದೆ" ಎಂದಳು. ಪರವೂರಿನ ಬಾಡಿಗೆ ಮನೆಯಲ್ಲಿ ಆ ಬಾಣಂತಿಗೆ ಮಾತಿಗೊಬ್ಬರಿರಲಿಲ್ಲ. ನಾವಾದರೋ ಮಾತು ಮುಗಿಯುವ ಮೊದಲೇ ಇದು ಅವಿಶ್ವಾಸವೆಂದು ಗದರಿಸಿದೆವು. ಉಪಾಧ್ಯಾಯಿನಿಯರಿಗೆ ಗದರುವುದು ಬೇಗ ಬರುತ್ತದೆ. ಅವಳು ಸುಮ್ಮನೆ ಎದ್ದು ಹೋದಳು.

ಆ ರಾತ್ರಿ ಇಂಗ್ಲೆಂಡಿನ ಲಿನ್ ಪಟ್ಟಣದ ಮಾರ್ಜರಿ ಕೆಂಪ್ ನೆನಪಾದಳು. 14ನೆಯ ಶತಮಾನದ ಕಡೆಯಲ್ಲಿ, ಚೊಚ್ಚಲ ಹೆರಿಗೆಯಾದ ಮೇಲೆ, ಬಹುಕಾಲ ಮುಚ್ಚಿಟ್ಟಿದ್ದ ಪಾಪವೊಂದನ್ನು ಅವಳು ಅರಿಕೆಮಾಡತೊಡಗಲು ಪಾದ್ರಿಯು ನಡುವೆಯೇ ಗದರಿಸಿದನು. ಅನಂತರ ಅರ್ಧ ವರ್ಷಕ್ಕೂ ಮಿಕ್ಕಿ ಬೆಂಕಿಬಾಯಿಯ ಪಿಶಾಚಿಗಳನ್ನು ಕಂಡಳು. ತನ್ನ ಕೈಯನ್ನು ತಾನೇ ಕಚ್ಚಿಕೊಂಡಳು. ಅವಳನ್ನು ಹಗಲಿರುಳು ಕಟ್ಟಿಹಾಕಬೇಕಾಯಿತು. ಕಡೆಗೆ ಕರ್ತನು ಮಂಚದ ಅಂಚಿನಲ್ಲಿ ಬಂದು ಕೂತನೆಂದೂ ಬುದ್ಧಿಯು ತಿಳಿಯಾಯಿತೆಂದೂ ಅವಳೇ ಹೇಳಿ ಬರೆಯಿಸಿದ್ದಾಳೆ.

ಲೋಕದಲ್ಲಿ ಕೆಡುಕುಂಟೆಂಬುದನ್ನು ನಾವು ಅಲ್ಲಗಳೆಯೆವು. ಆದರೆ 1,000 ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುವ ಈ ಚಿತ್ತಭ್ರಮೆಯು ಕಾಯಿಲೆ, ಚಿಕಿತ್ಸೆಯಿಂದ ಗುಣವಾಗತಕ್ಕದ್ದು. ಬೆಳಗಾಗುತ್ತಲೇ ಅವಳ ಮನೆಗೆ ಹೋಗಿ, ಕ್ಷಮೆ ಬೇಡಿ, ಮಾತನ್ನು ಕಡೆಯವರೆಗೆ ಆಲಿಸಿ, ವೈದ್ಯರ ಬಳಿಗೆ ಕರೆದೊಯ್ದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಉಪಚರಿಸುವ ವಿಭಾಗವುಂಟು. ಅವರು ಅಲ್ಲಿಗೆ ಕಳುಹಿಸಿದರು.

ಮಾರ್ಜರಿಯು ಚೇತರಿಸಿಕೊಂಡೊಡನೆ ಕೇಳಿದ್ದು ಉಗ್ರಾಣದ ಬೀಗದ ಕೈಗಳನ್ನು. ಕೊಡಬೇಡಿರೆಂದು ಆಳುಗಳು ಹೇಳಿದರೂ ಗಂಡನು ಕೊಟ್ಟನು. ನಮ್ಮ ಹುಡುಗಿಯ ಕಾಗದ ಕಳೆದ ವಾರ ಬಂದಿದೆ. ಮಗುವಿಗೆ ಈಗ ತಾನೇ ಎರೆಯುತ್ತಾಳಂತೆ.