ಸರ್‌ನೇಮ್ ಕಾಲಮಿನ ಚುಕ್ಕಿ

ಸಾಫ್ಟ್‌ವೇರ್ ಕಂಪೆನಿಯಲ್ಲಿ ನಿಮ್ಮ ಕೆಲಸವೇನು ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ನಾನು ‘ಖಾನೆ ಹಾಕುವುದು’ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಆದರೆ ಡೇಟಾ ಮಾಡೆಲಿಂಗ್ ಎಂಬ ದೊಡ್ಡ ಹೆಸರಿನ ಈ ಕೆಲಸದ ತಿರುಳು ಅಷ್ಟೇ. ಮನುಷ್ಯರು, ವಸ್ತುಗಳು, ವ್ಯವಹಾರಗಳು ಕಂಪ್ಯೂಟರಿನೊಳಗೆ ಹೋಗಿ ಕೂರಬೇಕಾದರೆ ಯಾವುದಕ್ಕೆ ಎಷ್ಟು ಖಾನೆ, ಯಾವ ಖಾನೆಯನ್ನು ಖಾಲಿ ಬಿಡಬಹುದು, ಯಾವುದು ಕಡ್ಡಾಯ ಎಂದು ಯಾರೋ ಮೊದಲೇ ತೀರ್ಮಾನಿಸಿರಬೇಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಂಬವರು ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಕ್ರಮದ ಬಗ್ಗೆ ಒಂದು ಪ್ರಬಂಧ ಬರೆದರು. ಬ್ಯಾಂಕು, ಆಸ್ಪತ್ರೆಗಳ ಲೆಕ್ಕವೆಲ್ಲ ಬಹುಮಟ್ಟಿಗೆ ಇಂದಿಗೂ ಆ ಕ್ರಮದಲ್ಲೇ ನಡೆದಿದೆ. ಕೋಷ್ಟಕ ಹೇಗಿರಬೇಕೆಂದು ಕಾಡ್ ಹೇಳಿಕೊಟ್ಟರು. ಅದರಲ್ಲಿ ಯಾರಿಗೆ ಜಾಗವಿರಬೇಕು ಎಂಬುದು ಮಾತ್ರ ನಮ್ಮಂಥವರ ಕೈಗೆ ಬಂತು.

ನಾನು ಈಗಿರುವ ತಂಡವನ್ನು ಸೇರುವ ಹೊತ್ತಿಗೆ ಅದರ ಆಸ್ಪತ್ರೆ ತಂತ್ರಾಂಶಕ್ಕೆ ಹಲವು ವರ್ಷ ವಯಸ್ಸಾಗಿತ್ತು. ರೋಗಿಯ ನೋಂದಣಿಯಲ್ಲಿ ಎರಡು ಕಡ್ಡಾಯ ಖಾನೆಗಳಿದ್ದವು: ಫಸ್ಟ್ ನೇಮ್, ಸರ್‌ನೇಮ್. ಎರಡನ್ನೂ ತುಂಬದೆ ಮುಂದಕ್ಕೆ ಹೋಗುವಂತಿಲ್ಲ. ಅಮೆರಿಕದ ಗ್ರಾಹಕರಿಗೆಂದು ಬರೆದ ನಕ್ಷೆಯನ್ನೇ ಯಾರೋ ಇಲ್ಲಿಗೂ ತಂದಿದ್ದರು.

ಇಲ್ಲಿಯ ಹೆಸರುಗಳ ಸಂಗತಿ ನಿಮಗೆ ಗೊತ್ತೇ ಇದೆ. ಹಳೇ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಕೂರುತ್ತವೆ. ಬಿಜಾಪುರ, ಧಾರವಾಡದ ಕಡೆ ಪಾಟೀಲ, ನದಾಫ, ಮುಲ್ಲಾ ಎಂದು ಅಡ್ಡಹೆಸರು ಹಿಂದೆ ಬರುತ್ತದೆ. ಕೊಡಗಿನಲ್ಲಿ ಮನೆತನವೇ ಮೊದಲು: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಕರಾವಳಿಯ ಮುಸ್ಲಿಮರಲ್ಲಿ ತಂದೆ ಅಬ್ದುಲ್ ರಹಿಮಾನ್, ಮಗ ಮುಹಮ್ಮದ್ ಅಶ್ರಫ್, ಸೊಸೆ ಝುಬೈದಾ ಇರಬಹುದು. ಮೂವರಿಗೂ ಸಮಾನವಾದ ಒಂದು ಪದವೂ ಇರುವುದಿಲ್ಲ. ಅಬ್ದುಲ್ ಎಂದರೆ ‘ಇಂಥವನ ದಾಸ’ ಎಂಬ ಅರ್ಧ ಮಾತು. ಅದನ್ನು ರಹಿಮಾನ್‌ನಿಂದ ಕತ್ತರಿಸಿ ಬೇರೆ ಖಾನೆಗೆ ಹಾಕಿದರೆ ಹೆಸರೇ ಮುರಿಯುತ್ತದೆ. ಬಾನು, ಬೀಬಿ, ಬೇಗಂ ಎಂಬುದನ್ನೆಲ್ಲ ಸರ್‌ನೇಮ್ ಖಾನೆಗೆ ತುಂಬಿದಾಗ ಕಂಪ್ಯೂಟರಿನ ಕಣ್ಣಿಗೆ ಸಾವಿರಾರು ಹೆಂಗಸರು ಒಂದೇ ಮನೆತನದವರಾಗಿಬಿಡುತ್ತಾರೆ.

ಇದು ಬರೀ ಗುಮಾಸ್ತರ ತಲೆನೋವಲ್ಲ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಭೇಟಿ ವೀಸಾದ ಮೇಲೆ ಒಳಬಿಡುವುದಿಲ್ಲ ಎಂದಾಗ ಗಲ್ಫಿಗೆ ಹೊರಟವರ ಮನೆಗಳಲ್ಲಿ ಎದ್ದ ಗಾಬರಿ ನೆನಪಿರಬಹುದು. ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂಬ ಸ್ಪಷ್ಟೀಕರಣ ಆಮೇಲೆ ಬಂತು. ನಮ್ಮ ಆಸ್ಪತ್ರೆಯ ಕಥೆ ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಅಪಾಯದ್ದು. ಒಬ್ಬ ಹೆಂಗಸಿನ ಹಳೆಯ ದಾಖಲೆ ಹುಡುಕಿದಾಗ ಸಿಗಲಿಲ್ಲ. ಹೆಸರನ್ನು ಹಿಂದೆ ಬೇರೆ ರೀತಿ ಒಡೆದು ಬರೆದಿದ್ದರು. ಹೊಸ ದಾಖಲೆ ತೆರೆದರು. ಪೆನ್ಸಿಲಿನ್ ಆಗುವುದಿಲ್ಲ ಎಂಬ ಮಾತು ಹಳೆಯದರಲ್ಲಿ ಉಳಿಯಿತು. ನರ್ಸ್ ಬಾಯಿಬಿಟ್ಟು ಕೇಳಿದ್ದರಿಂದ ಅನಾಹುತ ತಪ್ಪಿತು.

ಇಷ್ಟೆಲ್ಲ ಆಗುತ್ತಿದ್ದರೂ ನಮ್ಮ ಕಚೇರಿಗೆ ಸುದ್ದಿ ಮುಟ್ಟಿರಲಿಲ್ಲ. ಯಾಕೆಂದರೆ ನಾವು ‘ಅಜೈಲ್’ ಆಗಿದ್ದೆವು!

ಅಜೈಲ್ ಎಂದರೇನೆಂದು ಸ್ವಲ್ಪ ಹೇಳಬೇಕು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ತಾಣದಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಒಂದು ಪುಟದ ಪ್ರಣಾಳಿಕೆ ಬರೆದರು. (ಹದಿನೇಳೂ ಗಂಡಸರೇ, ಅದು ಬೇರೆ ಮಾತು.) ಕಡತಕ್ಕಿಂತ ಮನುಷ್ಯರ ಮಾತುಕತೆ ಮುಖ್ಯ, ಮೊದಲೇ ಹಾಕಿದ ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ ಎಂಬುದು ಅದರ ಸಾರ. ಸ್ವಲ್ಪ ಸ್ವಲ್ಪವೇ ಕಟ್ಟು, ಬಳಸುವವರಿಗೆ ತೋರಿಸು, ತಿದ್ದು.

ಬೆಂಗಳೂರಿಗೆ ಇದು ಬಂದಾಗ ಅದರ ಆಚರಣೆಗಳು ಮೊದಲು ಬಂದವು. ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡು ಹದಿನೈದು ನಿಮಿಷ ಮಾತಾಡಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಾದರೂ ಇದೆಯೇ. ಒಬ್ಬರಿಗೊಬ್ಬರು ಹೇಳಿಕೊಳ್ಳಲೆಂದು ಹುಟ್ಟಿದ ಕೂಟ ಇದು. ನಮ್ಮಲ್ಲಿ ಎಲ್ಲರ ಮುಖವೂ ಮ್ಯಾನೇಜರರ ಕಡೆ ತಿರುಗಿರುತ್ತಿತ್ತು. ಹದಿನೈದು ನಿಮಿಷ ಮುಕ್ಕಾಲು ಗಂಟೆಯಾಗಿತ್ತು. ಮೂರನೆಯ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ, ‘ನೋ ಬ್ಲಾಕರ್ಸ್’. ಅಡ್ಡಿಯಿದೆ ಎಂದರೆ ಕೆಲಸ ಬರುವುದಿಲ್ಲ ಎಂದು ಒಪ್ಪಿಕೊಂಡಂತೆ ಎಂಬ ಭಯ ಶಾಲೆಯ ಬೆಂಚಿನಿಂದಲೇ ನಮ್ಮ ಜತೆ ಬಂದಿದೆ. ಎರಡು ವಾರಕ್ಕೊಮ್ಮೆ ‘ಏನು ತಪ್ಪಿತು’ ಎಂದು ಹಿಂದಿರುಗಿ ನೋಡುವ ರೆಟ್ರೊಸ್ಪೆಕ್ಟಿವ್ ಎಂಬ ಸಭೆಯೂ ಇತ್ತು. ಅಲ್ಲಿ ಎಸಿಯ ತಂಪು ಮತ್ತು ಕಾಫಿ ಯಂತ್ರದ ಮೇಲಷ್ಟೇ ದೂರು.

ಸಭೆಯ ಸದ್ದು ಬದಲಾದದ್ದು ಒಬ್ಬ ಹುಡುಗಿಯಿಂದ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಪ್ರಿಂಟರಿನ ತಕರಾರು ನೋಡಲು ಕರಾವಳಿಯ ಆ ಆಸ್ಪತ್ರೆಗೆ ಕಳಿಸಿದ್ದರು. ಎರಡು ದಿನ ನೋಂದಣಿ ಕೌಂಟರಿನಲ್ಲೇ ಕುಳಿತು ನೋಡಿದಳಂತೆ. ಮರಳಿ ಬಂದ ದಿನ ಮೂರನೆಯ ಪ್ರಶ್ನೆಗೆ, “ಸರ್, ಅಲ್ಲಿ ಅಕ್ಕ ಸರ್‌ನೇಮ್ ಕಾಲಮಿಗೆ ಬರೀ ಚುಕ್ಕಿ ಹಾಕ್ತಾರೆ,” ಎಂದಳು.

“ಅದು ಟ್ರೈನಿಂಗ್ ಸಮಸ್ಯೆ. ಸರಿಯಾಗಿ ಹೇಳಿಕೊಡಿ ಅವರಿಗೆ,” ಎಂದರು ಮ್ಯಾನೇಜರ್.

“ಹೇಳಿಕೊಟ್ಟೆ ಸರ್. ಇಲ್ಲದ ಹೆಸರು ನಾನೆಲ್ಲಿಂದ ತರಲಿ ಅಂತ ಕೇಳಿದರು.”

ಯಾರೂ ಉಸಿರೆತ್ತಲಿಲ್ಲ. ನಮ್ಮ ಡೇಟಾಬೇಸ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಒಂದು ಕಾಲಂ ಸೇರಿಸಬೇಕೆಂದರೂ ಅರ್ಜಿ ಕೊಟ್ಟು ಮೂರು ವಾರ ಕಾಯಿಸುವವರೆಂದು ಹೆಸರಾದವರು. ಅವರು ಲ್ಯಾಪ್‌ಟಾಪ್ ಬಿಚ್ಚಿ ನಾಲ್ಕು ಸಾಲು ಟೈಪು ಮಾಡಿ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಮೇಲಿನಿಂದ ಕೆಳಗಿನವರೆಗೆ ಚುಕ್ಕಿಗಳು. ನಡುವೆ ಅಲ್ಲಲ್ಲಿ ‘ಎನ್‌ಎ’. ಕೆಲವೆಡೆ ಮೊದಲ ಹೆಸರೇ ಎರಡನೆಯ ಸಲ. “ಈಯಮ್ಮ ಹೇಳೋದು ಸರಿ,” ಎಂದರು.

ಅವರು ಅಷ್ಟು ವರ್ಷ ಎಲ್ಲದಕ್ಕೂ ಬೇಡವೆನ್ನುತ್ತಿದ್ದುದಕ್ಕೆ ಕಾರಣವಿತ್ತು. ಪ್ರೋಗ್ರಾಂ ಹಾಳಾದರೆ ಎಸೆದು ಬೇರೆ ಬರೆಯಬಹುದು. ನಿನ್ನೆ ಬಂದ ರೋಗಿಯ ದಾಖಲೆಯನ್ನು ಎಸೆಯಲಾಗದು. ಅದಕ್ಕೇ ಅಜೈಲ್ ಬಂದ ಮೇಲೂ ಡೇಟಾಬೇಸ್ ಮಾತ್ರ ಕಲ್ಲಿನಲ್ಲಿ ಕೊರೆದಂತೆ ಉಳಿದಿತ್ತು. ಪ್ರಮೋದ್ ಸಡಾಲಗೆ ಮತ್ತು ಮಾರ್ಟಿನ್ ಫೌಲರ್ 2003ರಲ್ಲಿ ಬರೆದ ಲೇಖನ, 2006ರಲ್ಲಿ ಸ್ಕಾಟ್ ಆಂಬ್ಲರ್ ಜತೆ ಸಡಾಲಗೆ ಬರೆದ ‘ರಿಫ್ಯಾಕ್ಟರಿಂಗ್ ಡೇಟಾಬೇಸಸ್’ ಪುಸ್ತಕ ಈ ಗಂಟನ್ನು ಬಿಡಿಸಲು ಹೊರಟವು. ಉಪಾಯ ಸರಳ: ಹಳೆಯ ಸೇತುವೆಯ ಪಕ್ಕದಲ್ಲೇ ಹೊಸದನ್ನು ಕಟ್ಟಿ, ವಾಹನಗಳನ್ನು ಅತ್ತ ತಿರುಗಿಸಿ, ಕೊನೆಗೆ ಹಳೆಯದನ್ನು ಕೆಡಹುವುದು.

ನಾವು ಮಾಡಿದ್ದೂ ಅದನ್ನೇ. ‘ಪೂರ್ಣ ಹೆಸರು’ ಎಂಬ ಹೊಸ ಕಾಲಂ ಸೇರಿಸಿದೆವು. ಹಳೆಯ ಎರಡೂ ಇದ್ದವು. ಕೆಲವು ವಾರ ಎರಡು ಕಡೆಯೂ ಬರೆಯುತ್ತ ಹೋಯಿತು. ಹಳೆಯ ದಾಖಲೆಗಳ ಚುಕ್ಕಿ ತೆಗೆದು, ಮುರಿದ ಅಬ್ದುಲ್ ರಹಿಮಾನರನ್ನು ಜೋಡಿಸಿದೆವು. ವರದಿ, ಬಿಲ್ಲು, ಲ್ಯಾಬಿನ ಚೀಟಿ ಒಂದೊಂದಾಗಿ ಹೊಸ ಕಾಲಮಿಗೆ ಬಂದವು. ಪ್ರತಿ ಹೆಜ್ಜೆಗೂ ಒಂದು ಸಣ್ಣ ಸ್ಕ್ರಿಪ್ಟ್, ಅದಕ್ಕೊಂದು ಸಂಖ್ಯೆ. ಎಡವಿದರೆ ಒಂದು ಹೆಜ್ಜೆ ಹಿಂದಕ್ಕೆ. ವಿಮೆ ಕಂಪೆನಿಗೆ ಈಗಲೂ ಎರಡು ತುಂಡು ಬೇಕು. ಕಳಿಸುವಾಗ ಮಾತ್ರ ತುಂಡು ಮಾಡುತ್ತೇವೆ.

ಸ್ಕ್ರಿಪ್ಟ್ ಬರೆಯುವುದನ್ನು ಯಾವ ಪುಸ್ತಕದಿಂದಲೂ ಕಲಿಯಬಹುದು. ಕೌಂಟರಿನ ಹೆಂಗಸು ಹಾಕಿದ ಚುಕ್ಕಿ ನಮ್ಮವರೆಗೆ ಬರಲು ಅಷ್ಟು ವರ್ಷ ಹಿಡಿಯಿತಲ್ಲ, ಆ ದಾರಿಯನ್ನು ತೆರೆಯುವುದೇ ಕಷ್ಟದ ಕೆಲಸ. ಮ್ಯಾನೇಜರ್ ಈಗ ಬೆಳಗಿನ ಕೂಟಕ್ಕೆ ಬರುವುದಿಲ್ಲ. ತಾವಾಗಿ ಬಿಟ್ಟದ್ದಲ್ಲ, ಒಂದು ತಿಂಗಳು ನೋಡೋಣ ಎಂದು ಆ ಡೇಟಾಬೇಸ್ ಹಿರಿಯರೇ ಕೇಳಿಕೊಂಡರು. ತಿಂಗಳು ಮುಗಿದರೂ ಯಾರೂ ಮರಳಿ ಕರೆಯಲಿಲ್ಲ. ಸರದಿಯ ಮೇಲೆ ಒಬ್ಬೊಬ್ಬರು ಕೌಂಟರಿನಲ್ಲಿ ಕುಳಿತು ಬರುವ ರೂಢಿಯೂ ಶುರುವಾಗಿದೆ.

ಹೋದ ತಿಂಗಳು ನನ್ನ ಸರದಿ. ಹುಟ್ಟಿದ ದಿನಾಂಕ ಕಡ್ಡಾಯವಾದ್ದರಿಂದ, ಶಾಲೆಗೆ ಸೇರಿಸಿದ ಜೂನ್ 1ನ್ನೇ ಹುಟ್ಟುಹಬ್ಬ ಮಾಡಿಕೊಂಡ ಹಿರಿಯರ ಸಾಲೇ ಅಲ್ಲಿತ್ತು. ಶಾಲೆಯನ್ನೂ ಕಾಣದ ಒಬ್ಬ ಅಜ್ಜಿ, “ಬಂಟ್ವಾಳಕ್ಕೆ ನೆರೆ ಬಂದ ವರ್ಷ ನನ್ನ ದೊಡ್ಡ ಮಗ ಹೊಟ್ಟೆಯಲ್ಲಿದ್ದ,” ಎಂದರು. ಅಂದರೆ 1974. ಕೌಂಟರಿನವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ವರ್ಷ ಬರೆದರು. ತಿಂಗಳು, ದಿನಕ್ಕೆ ಅದೇ ಜೂನ್ 1. ‘ಅಂದಾಜು’ ಎಂದು ಗುರುತು ಹಾಕುವ ಒಂದು ಕಾಲಂ ಸಾಕೇ, ಅಜ್ಜಿ ಹೇಳಿದ ಮಾತನ್ನೂ ಹಾಗೆಯೇ ಬರೆದಿಡಬೇಕೇ ಎಂಬ ಬಗ್ಗೆ ಹುಡುಗಿಗೂ ಡೇಟಾಬೇಸ್ ಹಿರಿಯರಿಗೂ ಎರಡು ವಾರದಿಂದ ವಾದ ನಡೆದಿದೆ.